ಪಾಳು ಬಿಟ್ಟ ಮೂಲೆಯ ಬೆಲೆ

ಹೊಲಕ್ಕೆ ಬೆಲೆ ಕಟ್ಟುವವರು ಹೊರಗಿನವರೇ ಆಗಿರಲಿ ಎಂದು ಹಟ ಹಿಡಿದವಳು ಅವಳೇ. ಆಮೇಲೆ ಯಾರನ್ನು ಬೈಯಲು ಹೊರಟರೂ ಬೈಗುಳ ತಿರುಗಿ ಅವಳ ಕಾಲಬುಡಕ್ಕೇ ಬಂದು ಬೀಳುತ್ತಿದ್ದುದು ಅದರಿಂದ.

ಹೊಲ ಅವಳ ಸೋದರಮಾವನದು. ಮಾವ ಪೇಟೆಯಲ್ಲಿ ಹಲ್ಲಿನ ಡಾಕ್ಟರು. ಪಾಲಿಗೆ ಬಂದ ಜಮೀನಿನ ಕಡೆ ತಲೆ ಹಾಕಿಯೂ ಮಲಗದ ಮನುಷ್ಯ. ಅದನ್ನು ಮದುವೆಯಾದ ವರ್ಷದಿಂದ ಗೇಣಿಗೆ ಮಾಡುತ್ತಿದ್ದವಳು ಅವಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಅವನು ಬಿಚ್ಚಿ ಜೋಡಿಸಿಕೊಟ್ಟ ಹಳೆಯ ಟ್ರ್ಯಾಕ್ಟರನ್ನು ತಾನೇ ಓಡಿಸಿಕೊಂಡು ಉತ್ತು, ಬಿತ್ತಿ, ಬೆಳೆ ತೆಗೆಯುತ್ತಿದ್ದಳು. ಸುತ್ತಲಿನವರು ಅವಳಿಗೆ ಟ್ರ್ಯಾಕ್ಟರಮ್ಮ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ, ನಗಾಡಿಕೊಂಡು. ಆಮೇಲೆ ಎದುರಿಗೇ, ಟ್ರ್ಯಾಕ್ಟರು ಬಾಡಿಗೆಗೆ ಬೇಕಾದಾಗ, ಬಹಳ ಗೌರವದಿಂದ.

ಜಮೀನು ಎರಡು ತುಂಡು. ಮೇಲಿನ ಹೊಲ ರಸ್ತೆಯ ಪಕ್ಕಕ್ಕೆ, ಕರೆಂಟಿನ ತಂತಿಗಳ ಕೆಳಗೆ. ಗುದ್ದಲಿ ಹಾಕಿದಲ್ಲೆಲ್ಲ ಠಣ್ ಎನ್ನುವ ಜಾಗ. ಕೆಳಗಿನ ಹೊಲ ಇಳಿಜಾರಿನಲ್ಲಿ ಕಾಡಿನ ಅಂಚಿಗೆ ತಾಗಿಕೊಂಡಿತ್ತು. ಅಲ್ಲೊಂದು ಬಾವಿ, ಆಚೆ ಸಣ್ಣ ತೊರೆ, ತೊರೆಯ ಪಕ್ಕ ಸದಾ ಒದ್ದೆಯಾಗಿರುವ ಒಂದು ಮೂಲೆ. ಅಷ್ಟು ವರ್ಷ ಗೊಬ್ಬರ ಹೊತ್ತು ಹಾಕಿ, ನೀರು ಹರಿದುಹೋಗಲು ಕಾಲುವೆ ತೋಡಿ, ಕೆಳಗಿನ ಹೊಲದ ಮಣ್ಣನ್ನು ಅವಳು ಹಿಡಿಯಲ್ಲಿ ಹಿಡಿದು ಬಿಟ್ಟರೆ ಉದುರುವಂತೆ ಹದ ಮಾಡಿದ್ದಳು. ಗೇಣಿ ಕೊಡುವ ದಿನವೊಂದನ್ನು ಬಿಟ್ಟರೆ ಅದು ತನ್ನದಲ್ಲ ಎನ್ನುವುದು ಅವಳಿಗೆ ನೆನಪಾಗುತ್ತಲೇ ಇರಲಿಲ್ಲ.

ಮಾವನಿಗೆ ಕ್ಲಿನಿಕ್ಕಿಗೆ ಹೊಸ ಕುರ್ಚಿ ಬೇಕಾಗಿತ್ತು. ಹಳೆಯ ಕುರ್ಚಿ ಏರುವಾಗ ಕಿರ್ರೋ ಎಂದು ಅರಚುತ್ತಿತ್ತು. ಹಲ್ಲಿಗಿಂತ ಮೊದಲು ಕುರ್ಚಿಯನ್ನೇ ಕೀಳಿಸಿಕೊಳ್ಳಿ ಎಂದು ರೋಗಿಗಳು ಆಡಿಕೊಳ್ಳುತ್ತಿದ್ದರು. ಕುರ್ಚಿಯ ಜೊತೆ ಒಂದು ಎಕ್ಸ್‌ರೇ ಯಂತ್ರ, ಸೋರುವ ಮಾಡಿನ ರಿಪೇರಿ. ಜಮೀನು ಮಾರಿಬಿಡುತ್ತೇನೆ ಎಂದ.

"ಮಾರೋದಾದ್ರೆ ನನಗೇ ಮಾರು ಮಾವ," ಎಂದಳು ಅವಳು.

"ನಿನಗಲ್ದೆ ಇನ್ಯಾರಿಗೆ ಮಾರ್ತೀನಮ್ಮ," ಎಂದ ಮಾವ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಾವನ ಸ್ವಭಾವ ಅವಳಿಗೆ ಗೊತ್ತಿತ್ತು. ಹಲ್ಲು ಕೀಳುವುದರಲ್ಲಿ ಎಷ್ಟು ಗಟ್ಟಿಗನೋ 'ಇಲ್ಲ' ಎನ್ನುವುದರಲ್ಲಿ ಅಷ್ಟೇ ಪುಕ್ಕಲ. ಯಾರು ಕೊನೆಗೆ ಬಂದು ಹೋದರೋ ಅವರ ಮಾತೇ ಅವನ ಮಾತು. ಪಕ್ಕದ ಜಮೀನನ್ನು ಆಗಲೇ ಒಂದು ಕಂಪನಿ ಕೊಂಡು, ಮರದ ಕೋಣೆಗಳನ್ನು ಕಟ್ಟಿ, ಕಾಡುಪ್ರಾಣಿ ನೋಡಲು ಬರುವವರನ್ನು ಇಳಿಸಿಕೊಳ್ಳುತ್ತಿತ್ತು. ಅದರ ಮ್ಯಾನೇಜರು ಹಗಲಿರುಳು ಅಗಲ ಅಂಚಿನ ಟೋಪಿ ಹಾಕಿಕೊಂಡೇ ಇರುವವನಾದ್ದರಿಂದ ಅವನ ಹೆಸರೇ ಟೋಪಿ ಎಂದಾಗಿತ್ತು. ಟೋಪಿ ಒಂದು ಸಲ ಹಲ್ಲುನೋವೆಂದು ಹೋಗಿ ಕುರ್ಚಿಯಲ್ಲಿ ಕೂತರೆ ಸಾಕು, ಅವನು ಎದ್ದು ನಿಲ್ಲುವಷ್ಟರಲ್ಲಿ ಹೊಲ ಹೋಗಿರುತ್ತದೆ ಎಂದು ಅವಳಿಗೆ ಭಯ.

ಅದಕ್ಕೇ ಅವಳು ಅಮ್ಮನ ಅಡುಗೆಮನೆಯಲ್ಲಿ, ಅಮ್ಮನ ಎದುರಿಗೇ ಮಾತು ತೆಗೆದುಕೊಂಡಳು. "ನೀನೂ ಹೇಳೋದು ಬೇಡ, ನಾನೂ ಹೇಳೋದು ಬೇಡ. ಬೆಲೆ ಕಟ್ಟೋರನ್ನ ಕರೆಸೋಣ. ಅವರು ಹೇಳಿದ್ದೇ ಬೆಲೆ. ಆ ಬೆಲೆಗೆ ಮೊದಲ ಹಕ್ಕು ನನ್ನದು. ಯಾರು ಜಾಸ್ತಿ ಕೊಡ್ತೀನಿ ಅಂದ್ರೂ ನೀನು ಕಿವಿ ಕೊಡಬಾರದು."

"ಸರಿಯಮ್ಮ. ನೀನೂ ಕಮ್ಮಿ ಮಾಡು ಅಂತ ಅಳಬಾರದು," ಎಂದು ಮಾವ ನಕ್ಕ.

"ನಾನ್ಯಾಕೆ ಅಳಲಿ? ಹೊಲದ ಬೆಲೆ ಹೊಲದಷ್ಟೇ ಇರುತ್ತೆ."

ಅಮ್ಮ ಸೊಪ್ಪು ಬಿಡಿಸುತ್ತ ಕೂತವಳು ತಲೆ ಎತ್ತಿ ಇಬ್ಬರನ್ನೂ ನೋಡಿದಳು. "ನಾನು ಸಾಕ್ಷಿ," ಎಂದಳು. "ನಾಳೆ ಜಗಳ ಆದ್ರೆ ಇಬ್ಬರೂ ನನ್ನ ಮನೆಗೆ ಊಟಕ್ಕೆ ಬರೋ ಹಾಗಿಲ್ಲ."

ಈಗ ಅಟ್ಟಣೆಯ ಕಥೆ ಹೇಳಬೇಕು.

ಕೆಳಗಿನ ಹೊಲದಲ್ಲಿ ಅವಳು ಮೆಕ್ಕೆಜೋಳ ಹಾಕುತ್ತಿದ್ದಳು. ತೆನೆ ಹಾಲು ತುಂಬುವ ಹೊತ್ತಿಗೆ ಕಾಡಿನಿಂದ ಜಿಂಕೆಗಳು ಸಾಲಾಗಿ ಇಳಿಯುತ್ತಿದ್ದವು. ಮದುವೆ ಮನೆಗೆ ಬಂದ ನೆಂಟರ ಹಾಗೆ, ಕರೆಯದಿದ್ದರೂ ಸಂಕೋಚವಿಲ್ಲದೆ. ಹಿಂದೆಯೇ ಹಂದಿ. ಅವನ್ನು ಕಾಯಲು ಗಂಡ ಡಿಪೋದ ಹಳೆಯ ಕಬ್ಬಿಣ ತಂದು, ಹೊಲದ ನಡುವೆ ನಾಲ್ಕು ಕಾಲಿನ ಮೇಲೆ ಒಂದು ಅಟ್ಟಣೆ ನಿಲ್ಲಿಸಿಕೊಟ್ಟಿದ್ದ. ಮೇಲೆ ತಗಡಿನ ಮಾಡು, ಕೂರಲು ಬಸ್ಸಿನ ಹಳೆಯ ಸೀಟು. ಅಲ್ಲಿಂದ ನಾಲ್ಕು ಕಡೆಗೂ ಹಗ್ಗ ಎಳೆದು, ಹಗ್ಗದ ತುದಿಗೆ ತಗಡಿನ ಡಬ್ಬಗಳನ್ನು ಕಟ್ಟಿದ್ದರು. ಒಂದು ಹಗ್ಗ ಎಳೆದರೆ ಸಾಕು, ಆ ಮೂಲೆಯಲ್ಲಿ ಡಬ್ಬಗಳು ಗಡಗಡ ಬಡಿದುಕೊಂಡು ಜಿಂಕೆಗಳು ಓಡಬೇಕು.

ಟೋಪಿಯ ಅತಿಥಿಗಳ ಕಣ್ಣಿಗೆ ಅದು ಬಿತ್ತು. ಮೊದಲ ದಿನ ಸಂಜೆ ಗಂಡ ಹೆಂಡತಿ ಇಬ್ಬರು, ಕೊರಳಲ್ಲಿ ದುರ್ಬೀನು ನೇತುಹಾಕಿಕೊಂಡು, ಬದುವಿನ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಬಂದರು. ಐದು ನಿಮಿಷ ಮೇಲೆ ಹತ್ತಿ ನೋಡಬಹುದೇ ಎಂದರು. ಪಾಪ ಎಂದು ಹತ್ತಿಸಿದಳು. ಜಿಂಕೆಗಳು ಇಳಿದವು. ಅವಳು ಹಗ್ಗಕ್ಕೆ ಕೈ ಹಾಕಿದಳು.

"ಅಯ್ಯೋ, ಎಳೀಬೇಡಿ. ಓಡಿಹೋಗ್ತವೆ," ಎಂದಳು ಆ ಹೆಂಗಸು, ಪಿಸುಮಾತಿನಲ್ಲಿ.

"ಓಡ್ಲಿ ಅಂತಲೇ ಎಳೆಯೋದು," ಎಂದಳು ಅವಳು, ಜೋರಾಗಿಯೇ.

"ಇನ್ನೊಂದೇ ಒಂದು ನಿಮಿಷ. ಮರಿ ಇದೆ ನೋಡಿ, ಎಷ್ಟು ಮುದ್ದಾಗಿ ತಿಂತಾ ಇದೆ."

ತಿನ್ನುತ್ತಿದ್ದುದು ಅವಳ ಡೀಸೆಲ್ಲು, ಅವಳ ಗೊಬ್ಬರ, ಮಕ್ಕಳ ಶಾಲೆಯ ಬೂಟು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅವರು ಹೋಗಿ ಹತ್ತು ಜನಕ್ಕೆ ಹೇಳಿದರು. ದಿನಾ ಸಂಜೆ ಯಾರಾದರೂ ಏಣಿಯ ಬುಡದಲ್ಲಿ ನಿಂತಿರುತ್ತಿದ್ದರು. ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತಿದ್ದರು, ಹೂಂ ಎಂದರೆ ಬೆಳೆ ಹೋಗುತ್ತಿತ್ತು. ತಲೆಕೆಟ್ಟು ಅವಳು ಒಂದು ಹಲಗೆಯ ಮೇಲೆ ಬರೆದು ನೇತುಹಾಕಿದಳು: ಹತ್ತಲು ದುಡ್ಡು ಕೊಡಬೇಕು. ಬಾಯಿಗೆ ಬಂದಷ್ಟು ದೊಡ್ಡ ಮೊತ್ತ ಬರೆದಳು. ನೋಡಿದವರು ಹೆದರಿ ಓಡಬೇಕು ಎನ್ನುವುದು ಲೆಕ್ಕಾಚಾರ.

ಕೊಟ್ಟರು. ಚಿಲ್ಲರೆ ವಾಪಸ್ಸು ಬೇಡ ಎಂದರು.

ಅಳಿಸಿ ಎರಡರಷ್ಟು ಬರೆದಳು. ಅದಕ್ಕೆ ಹಿಂದಿನ ವಾರಕ್ಕಿಂತ ಹೆಚ್ಚು ಜನ ಬಂದರು. ಇಷ್ಟು ಕೇಳುತ್ತಾರೆಂದರೆ ಒಳಗೆ ಏನೋ ವಿಶೇಷ ಇರಲೇಬೇಕು ಎಂದು ಅವರವರೇ ಮಾತಾಡಿಕೊಳ್ಳುತ್ತಿದ್ದುದು ಅವಳ ಕಿವಿಗೇ ಬಿತ್ತು.

"ಇನ್ನೊಂದ್ಸಲ ಏರಿಸು," ಎಂದ ಗಂಡ, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ಊಟದ ವ್ಯವಸ್ಥೆನೂ ಇದೆ ಅಂತ ಬರಿ. ಜಿಂಕೆಗೆ."

"ನಿಮಗೆ ತಮಾಷೆ."

"ತಮಾಷೆ ಅಲ್ಲ ಕಣೇ. ಜೋಳ ಬೆಳೆದು ಸಿಕ್ಕಿದ್ದಕ್ಕಿಂತ ಜೋಳ ತಿನ್ನಿಸಿ ಸಿಗೋದೇ ಜಾಸ್ತಿ ಆಗ್ತಿದೆ."

ಅದು ಅವಳನ್ನು ಚುಚ್ಚಿತು. ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಬಂದ ದುಡ್ಡನ್ನು ಬೇಡವೆಂದು ಎಸೆಯಲಿಲ್ಲ. ಬಾವಿಯ ಮೋಟರಿಗೆ ಹೊಸ ತಂತಿ ಸುತ್ತಿಸಿದಳು. ಆದರೆ ಅದೇ ವಾರ ಹಲಗೆ ಕಿತ್ತು ಒಲೆಗೆ ಹಾಕಿ, ಏಣಿಯನ್ನು ಮನೆಗೆ ತಂದಿಟ್ಟುಕೊಂಡಳು. ಬೆಲೆ ಕಟ್ಟುವವರು ಮುಂದಿನ ಬೆಳೆ ಏಳುವ ಹೊತ್ತಿಗೆ ಬರುವುದೆಂದಾಗಿತ್ತು. ಅಟ್ಟಣೆಗೆ ಜನ ಮುತ್ತಿದ್ದನ್ನು ಅವರು ನೋಡುವುದು ಅವಳಿಗೆ ಬೇಕಿರಲಿಲ್ಲ.

ಆಗಲೇ ಅವಳಿಗೆ ಆ ಉಪಾಯ ಹೊಳೆದದ್ದು. ಬುದ್ಧಿವಂತರಿಗೆ ಮಾತ್ರ ಹೊಳೆಯುವ ಉಪಾಯ ಎಂದು ಅವತ್ತು ಅವಳಿಗೆ ಅನ್ನಿಸಿತ್ತು.

ಮೈಮುರಿದು ಮಾಡಿದ ಹೊಲ ಕಣ್ಣು ಕುಕ್ಕುವಂತೆ ಇದ್ದರೆ ಬೆಲೆ ಏರದೆ ಇರುತ್ತದೆಯೇ? ತಾನೇ ಹದ ಮಾಡಿದ ಮಣ್ಣಿಗೆ ತಾನೇ ಹೆಚ್ಚಿಗೆ ಕೊಡಬೇಕೇ? ಆ ಸಲ ಅವಳು ತೊರೆಯ ಪಕ್ಕದ ಒದ್ದೆ ಮೂಲೆಯನ್ನು ಉಳಲಿಲ್ಲ. ಕಾಲುವೆಯ ಹೂಳು ತೆಗೆಯಲಿಲ್ಲ; ನೀರು ನಿಂತು ಜೊಂಡು ಎದ್ದಿತು. ಬೇಲಿಯ ಮುಳ್ಳು ಕಡಿಯಲಿಲ್ಲ. ಅದು ಬೇಲಿ ಬಿಟ್ಟು ಹೊಲದೊಳಕ್ಕೆ ನಡೆದು ಬಂತು. ಅವಳ ಎದೆಮಟ್ಟಕ್ಕೆ ಕಳೆ ಬೆಳೆಯಿತು. ಪ್ರತಿ ದಿನ ಅದನ್ನು ದಾಟಿ ಹೋಗುವಾಗ ಕೈ ತುರಿಸುತ್ತಿತ್ತು, ಕುಡುಗೋಲು ಬೇಕು ಎನ್ನುತ್ತಿತ್ತು. ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳು.

ಅಮ್ಮ ಒಂದು ದಿನ ಬಂದು ನೋಡಿ ಬದುವಿನ ಮೇಲೆ ಕೂತೇಬಿಟ್ಟಳು. "ಇದೇನೇ ಇದು? ಮನೇಲಿ ಯಾರಾದ್ರೂ ಕಾಯಿಲೆ ಬಿದ್ದಿದ್ದಾರಾ?"

"ಯಾರೂ ಇಲ್ಲಮ್ಮ."

"ಮತ್ತೆ ಹೊಲ ಯಾಕೆ ತಲೆ ಬಾಚದ ಹುಚ್ಚಿ ಥರ ಇದೆ?"

"ಬೆಲೆ ಇಳೀಲಿ ಅಂತ ಬಿಟ್ಟಿದ್ದೀನಿ."

ಅಮ್ಮ ಸೆರಗಿಗೆ ಅಂಟಿದ್ದ ಕಳೆಬೀಜ ಕಿತ್ತು ಎಸೆದಳು. "ನಿನ್ನನ್ನ ನೋಡೋಕೆ ಗಂಡಿನ ಕಡೆಯವರು ಬಂದಾಗ ನಾನು ಹೀಗೆ ಮಾಡಿದ್ರೆ ನಿನಗೆ ಮದುವೆನೇ ಆಗ್ತಿರ್ಲಿಲ್ಲ," ಎಂದಳು.

"ಇಲ್ಲಿ ಗಂಡಿನ ಕಡೆಯವಳು ನಾನೇ ಅಲ್ವಾ. ಹುಡುಗಿ ಚೆನ್ನಾಗಿದ್ದಾಳೆ ಅಂತ ನನಗೆ ಗೊತ್ತು. ಬೇರೆಯವರಿಗೆ ಗೊತ್ತಾಗೋದು ಬೇಡ."

ಬೆಲೆ ಕಟ್ಟುವವರು ಬಂದದ್ದು ಒಂದು ಬೆಳಿಗ್ಗೆ. ನಡುವಯಸ್ಸಿನ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಒಂದು ಟ್ಯಾಬ್ಲೆಟ್ಟು. ಮಾತು ಕಡಿಮೆ. ಮಾವ ಕ್ಲಿನಿಕ್ ಬಿಟ್ಟು ಬರಲಾಗುವುದಿಲ್ಲ ಎಂದಿದ್ದರಿಂದ ಹೊಲ ತೋರಿಸುವ ಕೆಲಸ ಅವಳ ಪಾಲಿಗೇ ಬಂತು. ಅದೂ ಒಳ್ಳೆಯದೇ ಆಯಿತು ಎಂದುಕೊಂಡಳು. ಮೊದಲು ಮೇಲಿನ ಹೊಲ. ಮೇಡಂ ರಸ್ತೆ ನೋಡಿದರು, ತಲೆಯ ಮೇಲಿನ ತಂತಿ ನೋಡಿದರು, ಒಂದು ಫೋಟೋ ತೆಗೆದರು, ಅಷ್ಟೇ. ಕೆಳಗಿನ ಹೊಲಕ್ಕೆ ಇಳಿದರು.

ಅವಳು ಬೇಕೆಂದೇ ಒದ್ದೆ ಮೂಲೆಯ ಕಡೆಯಿಂದ ಕರೆದುಕೊಂಡು ಹೋದಳು. "ನೋಡಿ ಮೇಡಂ, ಇದೆಲ್ಲ ಇದ್ದೂ ಇಲ್ಲದ ಜಾಗ. ಟ್ರ್ಯಾಕ್ಟರು ಹೂತುಹೋಗುತ್ತೆ. ಮುಳ್ಳು, ಜೊಂಡು. ಒಂದು ಕಾಳು ಬೆಳೆಯಲ್ಲ."

ಮೇಡಂ ನಿಂತರು. ಜೊಂಡಿನ ಫೋಟೋ ತೆಗೆದರು. ಮುಳ್ಳಿನ ಪೊದೆಯ ಫೋಟೋ ತೆಗೆದರು. ಬಗ್ಗಿ ನೆಲದಲ್ಲಿ ಏನನ್ನೋ ನೋಡಿದರು. "ಇದು ಜಿಂಕೆ ಹಿಕ್ಕೆ ಅಲ್ವಾ?"

"ಆಡಿಂದು ಇರ್ಬೇಕು."

"ಆಡು ಸಾಕಿದ್ದೀರ?"

"ಇಲ್ಲ."

ಮೇಡಂ ಅದರದ್ದೂ ಒಂದು ಫೋಟೋ ತೆಗೆದರು. ಅವಳು ತಡಮಾಡದೆ ಮಾತು ತಿರುಗಿಸಿದಳು. "ಹೌದು ಮೇಡಂ, ಬರ್ತವೆ. ಸುಳ್ಳು ಯಾಕೆ ಹೇಳ್ಲಿ. ಬೆಳೆದಿದ್ದರಲ್ಲಿ ಮೂರನೇ ಒಂದು ಪಾಲು ಅವೇ ತಿಂದುಹಾಕ್ತವೆ. ಅದನ್ನ ಕಳೆದು ಬೆಲೆ ಹಾಕ್ಬೇಕು ನೀವು. ಇಂಥ ಕಾಟ ಇರೋ ಹೊಲ ಯಾರು ಕೊಳ್ತಾರೆ?"

"ಬೆಳೆ ಲೆಕ್ಕಕ್ಕೆ ಕಳೀತೀನಿ," ಎಂದರು ಮೇಡಂ.

ಅವಳ ಮುಖ ಅರಳುತ್ತಿತ್ತೋ ಏನೋ. ಆ ಕ್ಷಣಕ್ಕೆ ಮುಳ್ಳಿನ ಪೊದೆ ಅಲ್ಲಾಡಿತು. ಒಳಗಿನಿಂದ ಒಂದು ಗಂಡು ಜಿಂಕೆ ಎದ್ದು ನಿಂತಿತು. ಹಾಡಹಗಲು, ಆಕಾಶಕ್ಕೆ ಕವಲೊಡೆದ ಕೊಂಬು. ಅದರ ಹಿಂದೆ ಎರಡು ಹೆಣ್ಣು, ಒಂದು ಮರಿ. ಹಿಂದೆಲ್ಲ ಸಂಜೆ ಬಂದು ತಿಂದು ಹೋಗುತ್ತಿದ್ದವು, ಅವಳು ಕಳೆ ಬೆಳೆಸಿಕೊಟ್ಟ ಮೇಲೆ ಹೋಗುವ ಶ್ರಮವನ್ನೂ ಬಿಟ್ಟು ಅಲ್ಲೇ ಮನೆ ಮಾಡಿದ್ದವು.

ಮೇಡಂ ಉಸಿರು ಹಿಡಿದು ಟ್ಯಾಬ್ಲೆಟ್ಟು ಎತ್ತಿದರು. ಅವಳಿಗೆ ಸಿಟ್ಟು ನೆತ್ತಿಗೇರಿತು. ಹೋಗಿ ಹತ್ತಿರದ ಡಬ್ಬದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಗಡಗಡ ಎಂದು ಸದ್ದಾಗಿ, ನಾಲ್ಕೂ ಜಿಂಕೆಗಳು ಒಂದರ ಹಿಂದೊಂದು ಬೇಲಿಯ ಮೇಲಿಂದ ನೆಗೆದು, ತೊರೆ ದಾಟಿ, ನೀರು ಚಿಮ್ಮಿಸಿ, ಕಾಡಿನೊಳಗೆ ಮಾಯವಾದವು. ಓಡಿಸಿದ ಅವಳೇ ಒಂದು ಗಳಿಗೆ ಕಣ್ಣು ಮಿಟುಕಿಸದೆ ನೋಡುವ ಹಾಗಿತ್ತು ಆ ನೆಗೆತ.

"ಎಷ್ಟು ಚೆನ್ನಾಗಿ ಬಂತು," ಎಂದರು ಮೇಡಂ, ಟ್ಯಾಬ್ಲೆಟ್ಟನ್ನು ಅವಳಿಗೂ ತೋರಿಸುತ್ತ. "ಥ್ಯಾಂಕ್ಸ್."

ಆಮೇಲೆ ನಡೆದದ್ದೆಲ್ಲ ಬಾವಿಯ ಕಟ್ಟೆಯ ಮೇಲೆ. ಮೇಡಂ ಕೂತು ಬೂಟಿನ ಕೆಸರು ಕೆರೆದುಕೊಳ್ಳುತ್ತಿದ್ದರು. ಅವಳು ನಿಂತೇ ಇದ್ದಳು.

"ಕಾಡಿನ ಅಂಚು, ನೀರು, ಪ್ರಾಣಿ ಬಂದು ಅಡಗೋಕೆ ಜಾಗ. ಮೇಲಿಂದ ನೋಡೋಕೆ ಅಟ್ಟಣೆ. ಅದಕ್ಕೆ ಜನ ದುಡ್ಡು ಕೊಟ್ಟು ಹತ್ತಿದ್ದಾರೆ ಅಂತ ಪಕ್ಕದವರು ಹೇಳಿದ್ರು. ಹೌದಾ?"

"ನಾನು ಓಡಿಸೋಕೆ ಇಟ್ಟಿದ್ದು ಅದು. ದುಡ್ಡು ಕೇಳಿದ್ದೂ ಓಡಿಸೋಕೇ."

"ಆದ್ರೆ ಕೊಟ್ಟರು."

"ಕೊಟ್ಟರು," ಎಂದಳು. ಬೇರೆ ದಾರಿ ಇರಲಿಲ್ಲ. ಆಮೇಲೆ ಕೇಳಿದಳು, "ಮಣ್ಣು ನೋಡಿದ್ರಾ ಮೇಡಂ? ಆ ಕಡೆ ಹತ್ತು ಹೆಜ್ಜೆ ಬನ್ನಿ, ಕೈಯಲ್ಲಿ ಹಿಡಿದು ನೋಡಿ. ಎಷ್ಟು ವರ್ಷದ ಗೊಬ್ಬರ ಅದು." ಬೆಲೆ ಇಳಿಸಬೇಕೆಂದು ಹೊರಟವಳು ಈಗ ಏರಿಸುವ ಮಾತಾಡುತ್ತಿದ್ದೇನೆ ಎನ್ನುವುದೂ ಅವಳಿಗೆ ಮರೆತುಹೋಗಿತ್ತು. ಯಾರಾದರೂ ಒಬ್ಬರು ಆ ಮಣ್ಣನ್ನು ಮುಟ್ಟಿ ನೋಡಲಿ ಎಂದಷ್ಟೇ ಅನ್ನಿಸಿತ್ತು.

ಮೇಡಂ ಎದ್ದು ಹೋಗಿ ಮುಟ್ಟಿ ನೋಡಿದರು ಕೂಡ. "ಒಳ್ಳೇ ಮಣ್ಣು," ಎಂದರು, ಕೈ ಕೊಡವಿಕೊಳ್ಳುತ್ತ. "ಆದ್ರೆ ನೀವು ಇದರಲ್ಲಿ ಏನು ಬೆಳೆಯುತ್ತೆ ಅಂತ ನೋಡ್ತಾ ಇದ್ದೀರ. ನಾನು ಇದನ್ನ ಯಾರು ಕೊಳ್ತಾರೆ ಅಂತ ನೋಡ್ಬೇಕು."

"ಕೊಳ್ಳೋಳು ನಾನು."

"ನೀವೊಬ್ಬರೇ ಆಗಿದ್ರೆ ನನ್ನನ್ನ ಕರೆಸೋ ಅಗತ್ಯವೇ ಇರ್ಲಿಲ್ಲವಲ್ಲಮ್ಮ."

ಬೆಲೆ ಬಂದ ದಿನ ಗಂಡ ಅದನ್ನು ಎರಡು ಸಲ ಓದಿದ. ಹೊಲದ ಬೆಲೆ ಎಂದು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಮೊತ್ತ ಮೂರು ಸಲ ಅದರ ಹೊಟ್ಟೆಯಲ್ಲಿ ಹಿಡಿಯುತ್ತಿತ್ತು. ಟ್ರ್ಯಾಕ್ಟರು ಮಾರಿ, ಮನೆ ಮಾರಿ, ಡಿಪೋದಿಂದ ಒಂದು ಬಸ್ಸನ್ನೂ ಕದ್ದು ಮಾರಿದರೂ ಆಗುವುದಿಲ್ಲ ಎಂದ. ಅವಳು ನಗಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ಅದೇ ಮೂಲೆ ಉತ್ತಿದ್ರೆ?" ಎಂದು ಕೇಳಿದಳು ಕೊನೆಗೆ, ಬೆನ್ನು ತಿರುಗಿಸಿಕೊಂಡೇ.

"ಆಗಲೂ ಜಾಸ್ತಿನೇ ಆಗ್ತಿತ್ತು. ಇಷ್ಟಾಗ್ತಿರ್ಲಿಲ್ಲ." ಅವನು ಸುಳ್ಳು ಹೇಳಿ ಸಮಾಧಾನ ಮಾಡುವ ಪೈಕಿ ಅಲ್ಲ. ಕೆಲವು ಸಲ ಹಾಗೆ ಮಾಡಿದರೆ ಏನು ಗಂಟು ಹೋಗುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಮರುದಿನ ಅವಳು ಮಾವನ ಕ್ಲಿನಿಕ್ಕಿಗೆ ಹೋದಳು. ಕಾಯುವ ಕೋಣೆಯ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡವರು ಕೂತಿದ್ದರು. ಅವಳು ಯಾರ ಸರದಿಯನ್ನೂ ಕೇಳದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಅರಚುವ ಕುರ್ಚಿಯಲ್ಲಿ ಒಬ್ಬ ದಪ್ಪನೆಯ ಮನುಷ್ಯ ಬಾಯಿ ಕಳೆದು ಮಲಗಿದ್ದ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಮಾವನ ಎರಡೂ ಕೈ ಅವನ ಬಾಯಲ್ಲಿದ್ದವು. ಲವಂಗದೆಣ್ಣೆಯ ವಾಸನೆ.

"ಬಾಮ್ಮ," ಎಂದ ಮಾವ, ಅವಳ ಮುಖ ನೋಡದೆ. "ನೀನು ಬರ್ತೀಯ ಅಂತ ಗೊತ್ತಿತ್ತು. ನೋಡು, ನಾನೊಂದು ಮಾತೂ ಆಡಿಲ್ಲ. ಬೆಲೆ ಕಟ್ಟಿದವರೇ ಹೇಳಿದ್ದು. ನೀನೇ ತಾನೇ..."

"ನಾನೇ. ಅದನ್ನ ಹೇಳೋಕೆ ಬರಬೇಡ."

"ಅರ್ಧಕ್ಕೆ ಕೊಡ್ತೀನಿ ಅನ್ನೋಣ ಅಂದ್ರೆ ಮನೇಲಿ ನಿಮ್ಮತ್ತೆ ನನ್ನನ್ನ ಇದೇ ಕುರ್ಚಿಯಲ್ಲಿ ಕೂರಿಸ್ತಾಳೆ."

"ಅಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಅಳೋಕೆ ಬಂದಿಲ್ಲ. ಟೋಪಿ ಬಂದಿದ್ನಾ?"

ಮಾವ ಕನ್ನಡಿಯ ಕಡ್ಡಿಯನ್ನು ರೋಗಿಯ ಬಾಯೊಳಗೆ ಆ ಕಡೆಯಿಂದ ಈ ಕಡೆಗೆ ಸರಿಸಿದ. "ಬಂದಿದ್ದ. ಆ ಬೆಲೆಗೆ ಕೆಳಗಿನ ಹೊಲ ತಗೊಳ್ತಾರಂತೆ. ಚರ್ಚೆನೇ ಇಲ್ಲ ಅಂದ. ಇನ್ನೊಂದು ಮಾತು ಹೇಳಿದ. ನಿನಗೇನೂ ನಷ್ಟ ಆಗಬಾರದಂತೆ. ನೀನೇ ಅಲ್ಲಿ ಬಿತ್ತಬೇಕಂತೆ, ತಿಂಗಳ ಸಂಬಳ ಕೊಡ್ತಾರಂತೆ."

"ಬಿತ್ತಿ?"

"ಬಿತ್ತಿ ಬೆಳೆಸ್ಬೇಕು. ಕೊಯ್ಯೋ ಹಾಗಿಲ್ಲ. ಜಿಂಕೆ ತಿನ್ನಲಿ ಅಂತ."

ಅವಳು ಕೈ ತೊಳೆಯುವ ಬೇಸಿನ್ನಿನ ಅಂಚನ್ನು ಹಿಡಿದುಕೊಂಡಳು. ಜೀವಮಾನದಲ್ಲಿ ಅವಳನ್ನು ಇಷ್ಟು ಮರ್ಯಾದೆಯಿಂದ ಬೈದವರು ಯಾರೂ ಇರಲಿಲ್ಲ. ಕುರ್ಚಿಯಲ್ಲಿದ್ದ ಮನುಷ್ಯ ಕಣ್ಣು ಹೊರಳಿಸಿ ಅವಳನ್ನು ನೋಡಿ "ಆ... ಆ..." ಎಂದ.

"ನೀವು ಸುಮ್ನಿರಿ," ಎಂದ ಮಾವ ಅವನಿಗೆ. "ನಾನು ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೀನಮ್ಮ. ಇಲ್ಲ ಅಂತ ಹೇಗೆ ಹೇಳ್ಲಿ, ಪಾಪ ಅಷ್ಟು ಒಳ್ಳೇ ರೀತಿಲಿ ಮಾತಾಡ್ದ."

"ಮೇಲಿನ ಹೊಲಕ್ಕೆ ಎಷ್ಟು ಬಂತು?"

"ಅದಾ? ಅದಕ್ಕೇನೂ ಇಲ್ಲ. ರಸ್ತೆ ಸದ್ದು, ತಂತಿ, ಪ್ರಾಣಿ ಸುಳಿಯಲ್ಲ, ನೋಡೋಕೆ ಏನೂ ಇಲ್ಲ ಅಂತ ಬರೆದಿದ್ದಾರೆ. ಬರೀ ಬೇಸಾಯದ ಬೆಲೆ. ಅದನ್ನ ಟೋಪಿ ಸುಮ್ನೆ ಕೊಟ್ರೂ ಬೇಡ ಅಂದ."

"ಅದನ್ನ ನನಗೆ ಕೊಡು."

"ಅಲ್ಲಿ ಬರೀ ಕಲ್ಲು ಕಣಮ್ಮ."

"ಕೆಳಗೂ ಮೊದಲು ಕಲ್ಲೇ ಇತ್ತು. ಎಲ್ಲಿಗೆ ಹೋಯ್ತು ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ?" ಧ್ವನಿ ಏರುತ್ತಿದೆ ಎಂದು ಗೊತ್ತಾಗಿ ತಗ್ಗಿಸಿದಳು. "ಕೆಳಗಿನ ಬಾವಿಯಿಂದ ಪೈಪು ಎಳೆದು ಮೇಲಕ್ಕೆ ನೀರು ಬೇಕು. ನಾನು ಇರೋ ತನಕ, ನನ್ನ ಮಕ್ಕಳು ಇರೋ ತನಕ. ಅದು ಪತ್ರದಲ್ಲೇ ಬರಬೇಕು. ನೀರು ಕೊಡದಿದ್ರೆ ಹೊಲ ಇಲ್ಲ ಅಂತ ಟೋಪಿಗೆ ಹೇಳು."

"ಹೇಳೋಣ. ಸಂಜೆ ನಿಧಾನವಾಗಿ..."

"ಈಗ ಹೇಳು."

"ಕೈ ಖಾಲಿ ಇಲ್ಲಮ್ಮ, ನೋಡ್ತಾ ಇದ್ದೀಯಲ್ಲ."

ಮಾವನ ಬಿಳಿ ಕೋಟಿನ ಜೇಬಿಗೆ ಅವಳೇ ಕೈ ಹಾಕಿ ಫೋನು ತೆಗೆದಳು. ಟೋಪಿಯ ನಂಬರು ಹಿಂದಿನ ದಿನದ ಕರೆಗಳಲ್ಲಿ ಮೊದಲಿಗೇ ಇತ್ತು. ಒತ್ತಿ ಮಾವನ ಕಿವಿಗೆ ಹಿಡಿದಳು. ಮಾವ ತಪ್ಪಿಸಿಕೊಳ್ಳಲು ತಲೆ ವಾಲಿಸಿದ, ಫೋನು ಜೊತೆಗೇ ವಾಲಿತು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈ ಆ ಮನುಷ್ಯನ ದವಡೆಯ ಮೇಲೆ, ಎಲ್ಲಿಗೆ ಓಡುತ್ತಾನೆ?

"ಹಲೋ, ನಾನು ಡಾಕ್ಟರು. ಹೌದು ಹೌದು, ನಮಸ್ಕಾರ. ಅದೇ, ಒಂದು ಸಣ್ಣ ವಿಷಯ. ಬಾವಿ ನೀರು... ಮೇಲಿನ ಹೊಲಕ್ಕೆ... ಹೌದು ಪತ್ರದಲ್ಲೇ." ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು, ಮೆದುವಾಗಿ, ಜೇನು ಸವರಿದ ಹಾಗೆ. ಮಾವನ ಮುಖ ಕರಗತೊಡಗಿದ್ದು ಅವಳಿಗೆ ಕಾಣಿಸಿತು. ಅವನ ಬಾಯಿ 'ಹೂಂ' ಎನ್ನುವ ಆಕಾರಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ಕುರ್ಚಿಯಲ್ಲಿದ್ದವನು, ನೋವಿಗೋ ಬೇಸರಕ್ಕೋ, ಮಾವನ ಬೆರಳನ್ನು ಕಚ್ಚಿದ.

"ಇಲ್ಲ!" ಎಂದು ಕಿರುಚಿದ ಮಾವ.

ಫೋನಿನ ಆ ಕಡೆ ಮಾತು ನಿಂತಿತು. ಆಮೇಲೆ ಟೋಪಿಯ ಧ್ವನಿ ಅವಳಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ಬಂತು: "ಆಯ್ತು ಡಾಕ್ಟ್ರೇ, ಅದಕ್ಯಾಕೆ ಸಿಟ್ಟು ಮಾಡ್ಕೊಳ್ತೀರ. ನೀರು ತಾನೇ, ಬರೆಸೋಣ."

ಮಾವ ಬೆರಳನ್ನು ನೋಡಿಕೊಳ್ಳುತ್ತಿದ್ದ. ಮುಖದಲ್ಲಿ ನೋವಿಗಿಂತ ಹೆಚ್ಚು ಆಶ್ಚರ್ಯವಿತ್ತು. ಅವಳು ಫೋನನ್ನು ಜೇಬಿಗೆ ಹಾಕಿ, ಕುರ್ಚಿಯಲ್ಲಿದ್ದವನಿಗೆ ತಲೆ ಬಾಗಿಸಿ, ಹೊರಗೆ ಬಂದಳು. ಮೆಟ್ಟಿಲಿಳಿದು ರಸ್ತೆಗೆ ಕಾಲಿಟ್ಟಳು. ಗೆದ್ದೆ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ. ಮೈಮುರಿದು ಮಾಡಿದ್ದನ್ನು ಬಿಟ್ಟುಕೊಟ್ಟು, ಮತ್ತೆ ಮೈಮುರಿಯಲು ಇನ್ನೊಂದನ್ನು ಬೇಡಿ ತಂದದ್ದಷ್ಟೇ.

ಎರಡೂ ಪತ್ರ ಒಂದೇ ದಿನ ಆಗಬೇಕೆಂದು ಕಂಪನಿಯವರು ಹೇಳಿದರು. ಅವರ ಸಹಿ ಮಾಡುವ ದೊಡ್ಡ ಮನುಷ್ಯ ಎಲ್ಲೋ ಪ್ರಯಾಣದಲ್ಲಿದ್ದ. ಈ ವಾರ, ಮುಂದಿನ ವಾರ ಎಂದು ದಿನ ಮುಂದೆ ಹೋಗುತ್ತಿತ್ತು. ಕೆಳಗಿನ ಹೊಲದಲ್ಲಿ ಅವಳು ಹಾಕಿದ್ದ ಜೋಳವನ್ನು ಕೊಯ್ಯದೆ ಬಿಡಬೇಕೆಂದು ಟೋಪಿ ಪರಿಹಾರ ಕೊಟ್ಟು ಒಪ್ಪಿಸಿದ್ದ. ಡಬ್ಬಗಳ ಹಗ್ಗ ಬಿಚ್ಚಿಸಿದ್ದ. ಸಂಜೆಯಾದರೆ ಅಟ್ಟಣೆಯ ಮೇಲೆ ಜನ. ಅವಳು ಆ ಕಡೆ ಮುಖ ಹಾಕುವುದನ್ನು ಬಿಟ್ಟು, ಇನ್ನೂ ತನ್ನದಾಗದ ಮೇಲಿನ ಹೊಲದಲ್ಲಿ ಕಲ್ಲು ಆರಿಸಿ ಬುಟ್ಟಿಗೆ ತುಂಬುತ್ತಿದ್ದಳು.

ಯಾರೂ ಓಡಿಸದ ಜಿಂಕೆಗಳು ಹೆಚ್ಚಾಗುತ್ತಿದ್ದವು. ಕೆಳಗಿನ ಜೋಳ ತೀರುತ್ತಿತ್ತು.

ಒಂದು ಬೆಳಿಗ್ಗೆ ಮೇಲಿನ ಹೊಲಕ್ಕೆ ಹೋದವಳು ನಿಂತಲ್ಲೇ ನಿಂತಳು. ಆಗಷ್ಟೇ ಹರಗಿದ ಮಣ್ಣಿನ ಮೇಲೆ, ಕೆಳಗಿನಿಂದ ಮೇಲಕ್ಕೆ, ಸೀಳಿದ ಗೊರಸಿನ ಗುರುತು. ಒಂದೆರಡಲ್ಲ. ರಸ್ತೆಯ ಅಂಚಿನವರೆಗೂ ಬಂದು, ತಿರುಗಿ, ಕರೆಂಟಿನ ಕಂಬವನ್ನು ಸುತ್ತುಹಾಕಿ, ಸಾವಕಾಶವಾಗಿ ಜಾಗ ನೋಡಿಕೊಂಡು ಹೋದವರ ಹಾಗಿತ್ತು.

ಪ್ರಾಣಿ ಸುಳಿಯಲ್ಲ, ನೋಡೋಕೆ ಏನೂ ಇಲ್ಲ ಎಂದು ಬರೆದಿದ್ದರು. ಸಹಿ ಇನ್ನೂ ಆಗಿರಲಿಲ್ಲ.

ಅವಳು ಓಡಿಹೋಗಿ ಟ್ರ್ಯಾಕ್ಟರು ತಂದಳು. ಹಿಂದೆ ಕಬ್ಬಿಣದ ಹಲ್ಲಿನ ಹಲುಬೆ ಕಟ್ಟಿ ಹೊಲದ ಕೆಳಗಿನ ಅಂಚಿನಿಂದ ಎಳೆಯತೊಡಗಿದಳು. ಮಣ್ಣು ಸಮನಾಗುತ್ತಿತ್ತು, ಗುರುತು ಅಳಿಯುತ್ತಿತ್ತು. ಡಿಪೋಗೆ ಹೊರಟಿದ್ದ ಗಂಡ ರಸ್ತೆಯ ಮೇಲೆ ಸೈಕಲ್ ನಿಲ್ಲಿಸಿದ.

"ನಿನ್ನೆ ತಾನೇ ಹರಗಿದ್ಯಲ್ಲೇ?"

"ಸರಿಯಾಗಿರ್ಲಿಲ್ಲ."

"ಬಿತ್ತೋಕೆ ಇನ್ನೂ ತಿಂಗಳಿದೆ."

"ಇರ್ಲಿ. ನೀವು ಹೋಗಿ ಕೆಲಸಕ್ಕೆ."

ಅವನು ಹೋಗಲಿಲ್ಲ. ಸೈಕಲ್ ಮಲಗಿಸಿ ಒಳಗೆ ಬಂದು ನೆಲ ನೋಡಿದ. ಬಗ್ಗಿ ನೋಡಿದ. ಕಂಬದ ಬುಡಕ್ಕೆ, ಟ್ರ್ಯಾಕ್ಟರು ಹೋಗಲಾಗದ ಕಡೆಗೆ, ಒಂದು ಕೊಂಬೆ ಮುರಿದುಕೊಂಡು ಹೋಗಿ ಗುಡಿಸತೊಡಗಿದ.

ರಸ್ತೆಯ ತಿರುವಿನಲ್ಲಿ ಟೋಪಿಯ ತೆರೆದ ಜೀಪು ಕಾಣಿಸಿತು. ಹಿಂದಿನ ಸೀಟುಗಳಲ್ಲಿ ದುರ್ಬೀನು ಹಿಡಿದವರು. ಜೀಪು ಹೊಲದ ಪಕ್ಕಕ್ಕೆ ಬಂದು ನಿಧಾನವಾಯಿತು, ನಿಂತಿತು.

"ಬೆಳಗಾಗೆದ್ದು ಶುರುನಾ ಟ್ರ್ಯಾಕ್ಟರಮ್ಮ?" ಎಂದ ಟೋಪಿ. "ಈ ಕಡೆ ಏನಾದ್ರೂ ಕಾಣಿಸ್ತಾ ಇವತ್ತು? ಕೆಳಗೆ ಒಂದೂ ಇಲ್ಲ."

ಅವಳು ಎಂಜಿನ್ ಇನ್ನಷ್ಟು ಏರಿಸಿ, ಕಿವಿ ತೋರಿಸಿ, ಕೇಳಿಸುವುದಿಲ್ಲ ಎಂದು ಕೈ ಆಡಿಸಿದಳು. ಟೋಪಿ ಗಂಡನ ಕಡೆ ತಿರುಗಿದ. ಅವನು ಬೇಲಿಯ ಪಕ್ಕದಲ್ಲೇ ಇದ್ದ, ಕೈಯಲ್ಲಿ ಕೊಂಬೆ. ಅವನ ಮುಂದೆ, ಗುಡಿಸಲು ಉಳಿದಿದ್ದ ಒಂದೇ ಒಂದು ಗೊರಸಿನ ಗುರುತು. ಅವನು ಅದರ ಮೇಲೆ ಕಾಲಿಟ್ಟು ನಿಂತ.

"ಇಲ್ಲೇನಿದೆ ಸ್ವಾಮಿ," ಎಂದ. "ಬರೀ ಬೇಸಾಯ."

ಜೀಪು ತಿರುವು ದಾಟಿ ಮರೆಯಾಗುವವರೆಗೂ ಅವನು ಆ ಕಾಲನ್ನು ಎತ್ತಲಿಲ್ಲ.